ಬೀಪ್ ಕೇಳುವವರೆಗೆ ಕಾಯಬೇಕು ಮಗಾ

ಮಗಾ, ನಿನ್ನ ಮೆಸೇಜ್ ಈಗ ನೋಡಿದೆ. "ದೊಡ್ಡಮ್ಮ, ವಿಧಾನಸಭೆ ಚುನಾವಣೆಗೆ ಬೆಳ್ತಂಗಡಿ ಕಡೆ ಡ್ಯೂಟಿ ಬಂದಿದೆ. ಮೂರನೇ ಪೋಲಿಂಗ್ ಆಫೀಸರ್ ಅಂತೆ. ಮೊದಲ ಸಲ, ನಿದ್ದೆ ಬರುತ್ತಿಲ್ಲ. ತಪ್ಪಾದರೆ ಸಸ್ಪೆಂಡ್ ಮಾಡುತ್ತಾರಾ?" ಅಂತ ಕೇಳಿದ್ದೀಯ. ನನಗೆ ಟೈಪ್ ಮಾಡಲಿಕ್ಕೆ ಕಣ್ಣು ಸಾಲುವುದಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೂರನೆಯವಳು ಅಂದರೆ ಓಟಿನ ಮೆಷಿನ್ ನಡೆಸುವ ಕಂಟ್ರೋಲ್ ಯೂನಿಟ್ ನಿನ್ನ ಮೇಜಿನ ಮೇಲೆ. ಪಟ್ಟಿ ನೋಡುವುದು ಒಂದನೆಯವರು. ಓಟು ಹಾಕಲಿಕ್ಕೆ ಬಂದವರನ್ನು ಬರೆಯುವ 17ಎ ರಿಜಿಸ್ಟರ್, ಸಹಿ, ಶಾಯಿ, ಚೀಟಿ ಎಲ್ಲ ಎರಡನೆಯವರು. ನೀನು ಚೀಟಿ ತೆಗೆದುಕೊಂಡು, ಬೆರಳಿನ ಶಾಯಿ ನೋಡಿ, ಬ್ಯಾಲೆಟ್ ಬಟನ್ ಒತ್ತುವುದು. ಆಗ ಕೆಂಪು ದೀಪ ಹತ್ತುತ್ತದೆ, ಓಟು ಬಿದ್ದ ಮೇಲೆ ಬೀಪ್ ಕೇಳಿ ದೀಪ ಆರುತ್ತದೆ. ಕೇಳಲಿಕ್ಕೆ ಇಷ್ಟೇ. ನಾನೂ 2009ರ ಲೋಕಸಭೆಗೆ ಇದೇ ಕುರ್ಚಿಯಲ್ಲಿ ಕೂತವಳು. ಇಷ್ಟೇ ಅಲ್ವಾ ಅಂದುಕೊಂಡೇ ಕೂತಿದ್ದೆ.

ಕಾರ್ಕಳ ತಾಲೂಕು, ಘಟ್ಟದ ಬುಡದ ಒಂದು ಪ್ರೈಮರಿ ಶಾಲೆ. ಏಪ್ರಿಲ್ ಸೆಕೆ, ಹೆಂಚಿನ ಮಾಡು, ಫ್ಯಾನ್ ಇಲ್ಲ. ಮಧ್ಯಾಹ್ನದ ಮೇಲೆ ಒಬ್ಬರು ಅಜ್ಜಿ ಬಂದರು. ಜತೆಯಲ್ಲಿ ಮೊಮ್ಮಗ, ಅವನೂ ಸಾಲಿನಲ್ಲೇ. ಅಜ್ಜಿ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದರು, ಶಾಯಿ ಹಾಕಿಸಿಕೊಂಡರು, ನನಗೆ ಚೀಟಿ ಕೊಟ್ಟರು. ನಾನು ಬಟನ್ ಒತ್ತಿದೆ, ಕೆಂಪು ದೀಪ ಹತ್ತಿತು. ಅವರು ಒಳಗೆ ಹೋದರು. ಅಷ್ಟರಲ್ಲಿ ಬಿಸಿಯೂಟದ ಅಕ್ಕ ಚಾ ತಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು ನಾನು. ತಿರುಗಿ ಲೋಟ ತೆಗೆದುಕೊಂಡೆ. ಅಷ್ಟೇ ಹೊತ್ತು ಮಗಾ. ತಿರುಗಿ ನೋಡುವಾಗ ಅಜ್ಜಿ ಬಾಗಿಲು ದಾಟುತ್ತಿದ್ದರು, ಮೊಮ್ಮಗ ಚೀಟಿ ಹಿಡಿದು ಎದುರಿಗೆ ನಿಂತಿದ್ದ. ದೀಪ ಕೆಂಪಾಗಿಯೇ ಇತ್ತು. ನಾನು ಅದನ್ನು ನೋಡಲಿಲ್ಲ. ಪುನಃ ಬಟನ್ ಒತ್ತಿದೆ. ಮೊದಲಿನ ಓಟೇ ಬಾಕಿ ಇರುವಾಗ ಮೆಷಿನ್ ಎರಡನೇ ಸಲ ಒತ್ತಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗ ಹೋದ, ಬೀಪ್ ಬಂತು, ಎಲ್ಲ ಸರಿ ಇದೆ ಅಂದುಕೊಂಡೆ.

ಸಂಜೆ ಓಟಿಂಗ್ ಮುಗಿಸಲಿಕ್ಕೆ ಕ್ಲೋಸ್ ಬಟನ್ ಒತ್ತಿದಾಗ ರಿಜಿಸ್ಟರಿನಲ್ಲಿ 612, ಮೆಷಿನ್‌ನಲ್ಲಿ 611. ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಮೂರು ಸಲ ಎಣಿಸಿದೆವು. ಅಭ್ಯರ್ಥಿಗಳ ಕಡೆಯ ಏಜೆಂಟರು ಏಳಲಿಲ್ಲ, ಹೊರಗೆ ಬೇರೆ ಬೂತಿನವರನ್ನು ತುಂಬಿಕೊಂಡ ಬಸ್ಸು ಹಾರ್ನ್ ಹಾಕುತ್ತಿತ್ತು. ಕೊನೆಗೆ ಒಬ್ಬ ಏಜೆಂಟರು ಹೇಳಿದರು, ಆ ಅಜ್ಜಿ ಅಂಗಳದಲ್ಲಿ "ಯಾವುದು ಒತ್ತುವುದು ಅಂತ ಗೊತ್ತಾಗಲಿಲ್ಲ, ಹಾಗೇ ಬಂದೆ" ಅಂದಿದ್ದರಂತೆ.

ಅಷ್ಟು ದೂರ ಬಿಸಿಲಿಗೆ ನಡೆದು ಬಂದ ಜೀವ. ನಾನು ಒಮ್ಮೆ ನೋಡಿದ್ದರೆ ಸಾಕಿತ್ತು. ಬೂತಿನ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ ಹತ್ತಿರ ಮೆಷಿನ್ನಿನ ರಟ್ಟಿನ ಮಾದರಿ ಇರುತ್ತದೆ, ಏಜೆಂಟರ ಎದುರಿಗೇ ಅದರಲ್ಲಿ ತೋರಿಸಿಕೊಟ್ಟು ಪುನಃ ಒಳಗೆ ಕಳಿಸಬಹುದಿತ್ತು. ಅವರ ಓಟು ನನ್ನಿಂದ ಹೋಯಿತು. ಅವರ ಮುಖ ಇವತ್ತಿಗೂ ನನ್ನ ಕಣ್ಣೆದುರಿಗೆ ಇದೆ.

ಅದಕ್ಕೇ ಹೇಳುವುದು, ಬೀಪ್ ಕೇಳುವವರೆಗೆ ಮುಂದಿನವರ ಚೀಟಿಗೆ ಕೈ ಚಾಚಬೇಡ. ಈಗ ಹಾಕಿದ ಓಟನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಇರುವುದರಿಂದ ಇನ್ನೂ ತಡ. ಆ ಚೀಟಿ ಏಳು ಸೆಕೆಂಡ್ ಕಾಣಿಸಿ ಒಳಗೆ ಬಿದ್ದ ಮೇಲೆಯೇ ಬೀಪ್. ಸಾಲಿನವರು ಬೊಬ್ಬೆ ಹೊಡೆಯಲಿ. ಬೀಪ್ ಇಲ್ಲದೆ ಯಾರಾದರೂ ಹೊರಟರೆ ಅಲ್ಲೇ ನಿಲ್ಲಿಸಿ ಪ್ರಿಸೈಡಿಂಗ್ ಆಫೀಸರನ್ನು ಕರಿ. ಓಟೇ ಬೇಡ ಅಂದರೆ ರಿಜಿಸ್ಟರಿನಲ್ಲಿ ಷರಾ ಬರೆದು ಅವರ ಸಹಿ ತೆಗೆದುಕೊಳ್ಳುತ್ತಾರೆ. ಆಗ ಲೆಕ್ಕ ತಾಳೆಯಾಗುತ್ತದೆ. ನಾವು ಬರೆಯಲಿಲ್ಲ, ಅದೇ ಆದದ್ದು. ಸಸ್ಪೆಂಡ್ ಅಂತ ಹೆದರಬೇಡ, ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆವು, ನನಗೆ ಎಂತದೂ ಆಗಲಿಲ್ಲ. ಆದರೆ ಮೆಷಿನ್, ಕಾಗದ ಒಪ್ಪಿಸುವ ಡಿಮಸ್ಟರಿಂಗ್ ಮುಗಿದು ಮನೆ ಸೇರುವಾಗ ಬೆಳಗಿನ ಜಾವ ನಾಲ್ಕೂವರೆ.

ಮರುದಿನ ಮನೆಗೆ ಬಂದ ಕಟಪಾಡಿ ಭಾವ ಏನು ಹೇಳಿದರು ಗೊತ್ತುಂಟಾ? "ಒಂದು ದಿನ ಕುರ್ಚಿಯಲ್ಲಿ ಕೂತದ್ದಕ್ಕೆ ಇಷ್ಟು ಸುಸ್ತಾ?" ಅಂತ. ಭಾವ, ನೀವೂ ಈ ಗ್ರೂಪಿನಲ್ಲಿ ಇದ್ದೀರಿ, ಕೇಳಿಸಿಕೊಳ್ಳಿ. ನಿಮ್ಮ ಮನೆಯಿಂದ ಬೂತಿಗೆ ಇನ್ನೂರು ಹೆಜ್ಜೆ ಇಲ್ಲ. ಆ ವರ್ಷ ನಿಮ್ಮ ಮನೆಯಿಂದ ಒಬ್ಬರೂ ಓಟು ಹಾಕಲಿಲ್ಲ, ರಜೆ ಸಿಕ್ಕಿತು ಅಂತ ಎಲ್ಲರೂ ಮಡಿಕೇರಿಗೆ ಹೋದಿರಿ. ನನಗೆ ಈಗಲೂ ಬೇಸರ ಇದೆ. ಅಲ್ಲಿ ಒಬ್ಬ ಅಜ್ಜಿ ಓಟು ಹಾಕಲಿಕ್ಕೆ ಗೊತ್ತಾಗದೆ ವಾಪಸ್ ಹೋದರು. ಇಲ್ಲಿ ನೀವು ಎಲ್ಲ ಗೊತ್ತಿದ್ದೂ ಹೋಗಲಿಲ್ಲ. ನಾನು ನಾಲ್ಕು ಮಂದಿಯ ಹಾಗೆ ಮೈ ಮುರಿದು ದುಡಿದು, ನನ್ನದೇ ಓಟು ಇಲ್ಲದೆ ಬಂದೆ.

ಹಾಂ, ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡು. ನಿನ್ನ ಓಟು! ಆ ವರ್ಷ ಉಡುಪಿ-ಚಿಕ್ಕಮಗಳೂರು ಅಂತ ಕ್ಷೇತ್ರ ಹೊಸದು. ನನ್ನ ಓಟು ಉಡುಪಿಯಲ್ಲಿ, ಡ್ಯೂಟಿ ಕಾರ್ಕಳದಲ್ಲಿ, ಎರಡೂ ಒಂದೇ ಲೋಕಸಭಾ ಕ್ಷೇತ್ರ. ಫಾರ್ಮ್ 12ಎ ತುಂಬಿ ಇಡಿಸಿ, ಅಂದರೆ ಚುನಾವಣಾ ಡ್ಯೂಟಿಯ ಸರ್ಟಿಫಿಕೇಟ್, ತೆಗೆದುಕೊಂಡಿದ್ದರೆ ಕೂತ ಬೂತಿನಲ್ಲೇ ಓಟು ಹಾಕಬಹುದಿತ್ತು. ಆಮೇಲೆ ಕೊಟ್ಟರಾಯಿತು ಅಂತ ಬ್ಯಾಗಿನಲ್ಲೇ ಇಟ್ಟುಕೊಂಡೆ. ನಿನ್ನದು ಹಾಗಲ್ಲ. ನಿನ್ನ ಓಟು ಮಂಗಳೂರು ದಕ್ಷಿಣ, ಡ್ಯೂಟಿ ಬೆಳ್ತಂಗಡಿ. ವಿಧಾನಸಭೆಗೆ ಅದು ಬೇರೆ ಕ್ಷೇತ್ರ. ನಿನಗೆ ಅಂಚೆ ಮತ, ಅದಕ್ಕೆ ಅರ್ಜಿ ಫಾರ್ಮ್ 12. ಟ್ರೈನಿಂಗ್ ದಿನವೇ ತುಂಬಿ ಕೊಡು. ಪಟ್ಟಿಯ ಭಾಗ ಸಂಖ್ಯೆ, ನಿನ್ನ ಕ್ರಮ ಸಂಖ್ಯೆ ಬರೆದುಕೊಂಡು ಹೋಗು, ಡ್ಯೂಟಿ ಆರ್ಡರಿನ ಜೆರಾಕ್ಸ್, ವೋಟರ್ ಕಾರ್ಡ್ ಎರಡೂ ಇರಲಿ. ಡ್ಯೂಟಿಯವರಿಗೆ ಓಟು ಹಾಕುವ ಫೆಸಿಲಿಟೇಶನ್ ಸೆಂಟರ್ ಎಲ್ಲಿ, ಯಾವ ದಿನ ಅಂತ ಅಲ್ಲೇ ಕೇಳಿಕೋ. ಅಲ್ಲಿ ಹಾಕಿದರೆ ಆಯಿತು.

ಬೈರಾಸು, ಟಾರ್ಚ್, ಸೊಳ್ಳೆಬತ್ತಿ, ಎರಡು ಬಾಟಲಿ ನೀರು, ಸ್ವಲ್ಪ ಅವಲಕ್ಕಿ ಇಟ್ಟುಕೋ, ರಾತ್ರಿ ಶಾಲೆಯಲ್ಲೇ ಮಲಗಬೇಕಾಗುತ್ತದೆ. ಚಾ ತಂದರೆ ಮೇಜಿನ ಮೇಲೆ ಇಡಲಿಕ್ಕೆ ಹೇಳು. ನೀನು ದೀಪ ನೋಡು, ಬೀಪ್ ಕೇಳುವವರೆಗೆ ಕಾಯಿ. ಟ್ರೈನಿಂಗ್ ಯಾವತ್ತು ಅಂತ ತಿಳಿಸು ಮಗಾ, ಹಿಂದಿನ ದಿನ ಫಾರ್ಮ್ ನೆನಪು ಮಾಡಲಿಕ್ಕೆ ಫೋನ್ ಮಾಡುತ್ತೇನೆ.