ಅಜ್ಜ, ಮೊಮ್ಮಗಳು ಒಟ್ಟಿಗೆ ನೋಡೋಕೆ ಚಂದ್ರನಿಗೆ ಹೋದವರ ಡಾಕ್ಯುಮೆಂಟರಿ ಯಾವುದು?

ಕೇಳಿದವರು, ಹಾಸನದಿಂದ:

ಮಗಳು ಆರನೇ ಕ್ಲಾಸು. ಚಂದ್ರಯಾನ-3 ಇಳಿದ ದಿನದಿಂದ ಅವಳಿಗೆ ಚಂದ್ರನ ಹುಚ್ಚು. ಮೊನ್ನೆ ಯಾವುದೋ ರೀಲ್ಸ್ ನೋಡಿ ಬಂದು, "ಅಮ್ಮಾ, ಅಮೆರಿಕದವರು ಚಂದ್ರನ ಮೇಲೆ ಹೋಗೇ ಇಲ್ವಂತೆ. ಎಲ್ಲ ಸ್ಟುಡಿಯೋದಲ್ಲಿ ತೆಗೆದದ್ದಂತೆ" ಅಂದಳು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮಾವನಿಗೆ ರೇಗಿಹೋಯಿತು. 1969ರಲ್ಲಿ ಮನುಷ್ಯ ಮೊದಲ ಸಲ ಚಂದ್ರನ ಮೇಲೆ ಇಳಿದಾಗ ಅವರು ಹೈಸ್ಕೂಲು, ರೇಡಿಯೋದಲ್ಲಿ ಕೇಳಿದ ನೆನಪಿದೆ. ಇಬ್ಬರಿಗೂ ಎರಡು ದಿನ ಮಾತಿಲ್ಲ! ಒಂದು ಒಳ್ಳೆಯ ಡಾಕ್ಯುಮೆಂಟರಿ ಹಾಕಿ ಇಬ್ಬರನ್ನೂ ಕೂರಿಸೋಣ ಅಂತಿದ್ದೇನೆ. ಮಾವ ಇಂಗ್ಲಿಷ್ ಓದುತ್ತಾರೆ, ಆದರೆ ಅಮೆರಿಕದವರ ಮಾತು ಕಿವಿಗೆ ಹತ್ತಲ್ಲ. ಯಾವುದು ಹಾಕಲಿ? ನೋಡಿದವರು ಹೇಳಿ.

ಬೆಂಗಳೂರಿನಿಂದ ಒಬ್ಬರು:

'ಅಪೊಲೊ 11'. ಮೊದಲ ಸಲ ಚಂದ್ರನ ಮೇಲೆ ಇಳಿದ ಆ ಯಾನದ್ದೇ ಚಿತ್ರ. 2019ರದ್ದು, ಟಾಡ್ ಡಗ್ಲಸ್ ಮಿಲ್ಲರ್ ಮಾಡಿದ್ದು. ಒಂದೂವರೆ ಗಂಟೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ವರ್ಷಗಟ್ಟಲೆ ಡಬ್ಬಿಯಲ್ಲೇ ಬಿದ್ದಿದ್ದ ದೊಡ್ಡ ಅಳತೆಯ ಫಿಲ್ಮ್ ರೀಲುಗಳು ಸಿಕ್ಕವು. ಅವನ್ನು ಸ್ಕ್ಯಾನ್ ಮಾಡಿ ಮಾಡಿದ ಚಿತ್ರ ಇದು. ನಿನ್ನೆ ತೆಗೆದ ಹಾಗಿದೆ. ರಾಕೆಟ್ ಹಾರೋದನ್ನು ನೋಡೋಕೆ ಬಂದ ಜನ ಕಾರಿನ ಪಕ್ಕ ಬೀಡುಬಿಟ್ಟು, ಕಪ್ಪು ಕನ್ನಡಕ ಏರಿಸಿ ಕಾಯುತ್ತಿರುತ್ತಾರೆ. ಅವರ ಮುಖ ನೋಡಿದರೇ ಸಾಕು. ಇತ್ತ ಮೂವರು ಯಾತ್ರಿಗಳು ಗೋಪುರ ಏರೋಕೆ ಬರುತ್ತಿದ್ದರೆ, ಅತ್ತ ಹೈಡ್ರೋಜನ್ ಸೋರುತ್ತಿದೆ ಅಂತ ಕೆಲಸದವರು ಬೋಲ್ಟ್ ಬಿಗಿ ಮಾಡುತ್ತಿರುತ್ತಾರೆ. ನಮ್ಮ ಓವರ್‌ಹೆಡ್ ಟ್ಯಾಂಕ್ ಸೋರಿದಾಗ ಮಾಡಿದ ಹಾಗೇ!

ಇಳಿಯುವ ಭಾಗದಲ್ಲಿ ಎತ್ತರ, ವೇಗದ ಅಂಕಿ ಪರದೆ ಮೇಲೆ ಇಳಿಯುತ್ತಾ ಹೋಗುತ್ತದೆ. "60 ಸೆಕೆಂಡ್", "30 ಸೆಕೆಂಡ್" ಅಂತ ಭೂಮಿಯಿಂದ ಕೂಗುತ್ತಾರೆ. ಇಂಧನ ಇನ್ನು ಅಷ್ಟು ಹೊತ್ತಿಗೆ ಮಾತ್ರ ಅಂತ ಅರ್ಥ. ಇದೊಂದನ್ನು ಮೊದಲೇ ಹೇಳಿಕೊಡಿ. ಹಾರುವಾಗ ಆರ್ಮ್‌ಸ್ಟ್ರಾಂಗ್ ಎದೆಬಡಿತ ನಿಮಿಷಕ್ಕೆ 110 ಇತ್ತು, ಇಳಿಯುವಾಗ 150 ಮುಟ್ಟಿತ್ತು. ನನ್ನ ಮಗ ಆ ಹೊತ್ತಲ್ಲಿ ತನ್ನ ಕೈನಾಡಿ ಹಿಡಿದು ಎಣಿಸುತ್ತಾ ಕೂತಿದ್ದ.

ಇನ್ನೊಂದು. ಉಡಾವಣೆಯ ಕೋಣೆಯಲ್ಲಿ ಸಾಲುಸಾಲು ಬಿಳಿ ಅಂಗಿ, ಟೈ. ಅವರ ನಡುವೆ ಒಬ್ಬಳೇ ಒಬ್ಬಳು ಹೆಂಗಸು, ಜೋಆನ್ ಮಾರ್ಗನ್. ಆಗ ಅವಳಿಗೆ 28. ಮಗಳಿಗೆ ಹುಡುಕೋಕೆ ಹೇಳಿ.

ಶಿವಮೊಗ್ಗದಿಂದ, ನಿವೃತ್ತ ವಿಜ್ಞಾನ ಮೇಷ್ಟ್ರು:

ಮೇಲಿನವರು ಹೇಳಿದ್ದು ಒಳ್ಳೆಯ ಚಿತ್ರವೇ. ಆದರೆ ನಿಮ್ಮ ಮನೆಗೆ ಅದು ಮೊದಲನೆಯದಾಗೋದು ಬೇಡಮ್ಮ. ಅದರಲ್ಲಿ ವಿವರಿಸುವ ದನಿ ಇಲ್ಲ, ಸಂದರ್ಶನವೂ ಇಲ್ಲ. ಗೊರಗೊರ ಅನ್ನುವ ರೇಡಿಯೋ ಮಾತು ಮಾತ್ರ. ನಿಮ್ಮ ಮಾವನವರಿಗೆ ಅರ್ಧಗಂಟೆಗೇ ತೂಕಡಿಕೆ ಬರುತ್ತೆ. ನಾನೇ ಸಾಕ್ಷಿ.

ಅವರಿಗೆ 'ಇನ್ ದಿ ಶ್ಯಾಡೋ ಆಫ್ ದಿ ಮೂನ್' ಹಾಕಿ. 2007ರ ಬ್ರಿಟಿಷ್ ಚಿತ್ರ, ನಿರ್ದೇಶಕ ಡೇವಿಡ್ ಸಿಂಗ್‌ಟನ್. ಚಂದ್ರನಿಗೆ ಹೋಗಿಬಂದ ಹತ್ತು ಜನ ಕ್ಯಾಮೆರಾ ಮುಂದೆ ಕೂತು ಮಾತಾಡುತ್ತಾರೆ. ಆಲ್ಡ್ರಿನ್, ಕಾಲಿನ್ಸ್, ಅಲನ್ ಬೀನ್, ಲವೆಲ್, ಚಾರ್ಲಿ ಡ್ಯೂಕ್... ಎಲ್ಲ ಎಪ್ಪತ್ತರ ಆಚೀಚಿನ ಅಜ್ಜಂದಿರು. ಮುಖ ಇಡೀ ಪರದೆ ತುಂಬುತ್ತೆ. ಸುಕ್ಕು, ಚುಕ್ಕಿ, ಬಿಳಿ ಹುಬ್ಬು, ಎಲ್ಲ ಕಾಣುತ್ತೆ. ಜಗಲಿಯಲ್ಲಿ ಕೂತು ನಮ್ಮ ಹಿರಿಯರು ಹಳೇ ಕಥೆ ಹೇಳಿದ ಹಾಗೆ. ಒಬ್ಬರು ಹೇಳುವಾಗ ನಿಮ್ಮ ಮಾವ "ಹೂಂ" ಅನ್ನದಿದ್ದರೆ ಕೇಳಿ!

ಆರ್ಮ್‌ಸ್ಟ್ರಾಂಗ್ ಸಂದರ್ಶನ ಇಲ್ಲ, ಹಳೆಯ ದೃಶ್ಯಗಳಲ್ಲಿ ಮಾತ್ರ ಇದ್ದಾರೆ. ಶುರುವಲ್ಲಿ ಇದು ದೊಡ್ಡ ಕೊರತೆ ಅನ್ನಿಸಿತ್ತು. ಎರಡನೇ ಸಲ ನೋಡಿದಾಗ ಅನ್ನಿಸಲಿಲ್ಲ. ಯಾಕಂದರೆ ಮೈಕಲ್ ಕಾಲಿನ್ಸ್ ಇದ್ದಾರಲ್ಲ! ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಇಬ್ಬರು ಕೆಳಗೆ ಇಳಿದಾಗ ಮೇಲೆ ನೌಕೆಯಲ್ಲಿ ಒಬ್ಬರೇ ಉಳಿದವರು. ಪ್ರತಿ ಸುತ್ತಿನಲ್ಲೂ ಚಂದ್ರನ ಹಿಂಬದಿಗೆ ಹೋದಾಗ ಮುಕ್ಕಾಲು ಗಂಟೆಗಿಂತ ಜಾಸ್ತಿ ಹೊತ್ತು ಭೂಮಿಯ ಜೊತೆ ಮಾತೇ ಇಲ್ಲ. ಅಂಥ ಮನುಷ್ಯ ಇಷ್ಟು ತಮಾಷೆಯಾಗಿ ಮಾತಾಡುತ್ತಾರೆ. ಭೂಮಿಗೆ ವಾಪಸ್ ಬಂದ ಮೇಲೆ ದೇಶದೇಶ ಪ್ರವಾಸ ಹೋದಲ್ಲೆಲ್ಲ ಜನ "ನೀವು ಅಮೆರಿಕದವರು ಮಾಡಿದಿರಿ" ಅನ್ನಲಿಲ್ಲ, "ನಾವು ಮಾಡಿದೆವು" ಅಂದರು ಅಂತ ನೆನಪು ಮಾಡಿಕೊಳ್ಳುತ್ತಾರೆ. ಆ ಪ್ರವಾಸದಲ್ಲಿ ಮೂವರೂ 1969ರ ಅಕ್ಟೋಬರಿನಲ್ಲಿ ಬೊಂಬಾಯಿಗೂ ಬಂದಿದ್ದರು. ಇದನ್ನು ಮಾವನವರಿಗೆ ಹೇಳಿ.

ಅಲನ್ ಬೀನ್ ಮಾತು ಬಂದಾಗ ಮಗುವಿಗೆ ಒಂದು ವಿಷಯ ಹೇಳಿ. ಆಮೇಲೆ ಅವರು ಪೂರ್ತಿ ಚಿತ್ರಕಲಾವಿದರಾದರು. ತಮ್ಮ ಅಂಗಿಯ ಬಿಲ್ಲೆಗಳಿಗೆ ಅಂಟಿದ್ದ ಚಂದ್ರನ ಧೂಳನ್ನು ಬಣ್ಣದಲ್ಲಿ ಬೆರೆಸಿ ಚಂದ್ರನ ಚಿತ್ರ ಬರೆಯುತ್ತಿದ್ದರು. 2018ರಲ್ಲಿ ಹೋದರು. ಕಾಲಿನ್ಸ್ 2021ರಲ್ಲಿ. ಅದಕ್ಕೇ ಆ ಮುಖಗಳನ್ನು ಇನ್ನೊಮ್ಮೆ ಹಾಗೆ ತೆಗೆಯೋಕೆ ಆಗಲ್ಲ.

ಇನ್ನು ಭಾಷೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ರಿಮೋಟ್ ಮಗಳ ಕೈಗೆ ಕೊಡಿ. ಪ್ರತಿ ಹತ್ತು ನಿಮಿಷಕ್ಕೆ ನಿಲ್ಲಿಸಿ, ಏನಾಯಿತು ಅಂತ ಅಜ್ಜನಿಗೆ ಅವಳೇ ಕನ್ನಡದಲ್ಲಿ ಹೇಳಲಿ. ನೂರು ನಿಮಿಷದ ಚಿತ್ರ ಮೂರು ಗಂಟೆ ಆಗುತ್ತೆ, ಆಗಲಿ. ನಾನು ಮಕ್ಕಳಿಗೆ ತೋರಿಸಿದಾಗಲೆಲ್ಲ ಹೀಗೇ ಮಾಡಿದ್ದು. ಒಂದೇ ಓಟಕ್ಕೆ ತೋರಿಸಿದ ವರ್ಷ ಒಬ್ಬರಿಗೂ ಏನೂ ನೆನಪಿರಲಿಲ್ಲ.

ಮಂಗಳೂರಿನಿಂದ ಒಬ್ಬ ತಾಯಿ:

ಮೇಷ್ಟ್ರು ಹೇಳಿದ ಚಿತ್ರದಲ್ಲಿ 1967ರ ಜನವರಿಯ ಬೆಂಕಿ ಅಪಘಾತ ಬರುತ್ತೆ. ಅಪೊಲೊ 1ರ ಮೂವರು ನೆಲದ ಮೇಲೇ, ಪರೀಕ್ಷೆಯ ಹೊತ್ತಲ್ಲಿ ತೀರಿಕೊಂಡದ್ದು. ನನ್ನ ಮಗ ಆ ರಾತ್ರಿ ಒಬ್ಬನೇ ಮಲಗಲಿಲ್ಲ. ಹಾರಿಸಬೇಡಿ, ಆದರೆ ಮೊದಲೇ ಹೇಳಿ ಕೂರಿಸಿ.

ಧಾರವಾಡದಿಂದ:

'ಫಾರ್ ಆಲ್ ಮ್ಯಾನ್‌ಕೈಂಡ್' ಅಂತ ಯಾರಾದರೂ ಹೇಳುತ್ತಾರೆ ನೋಡಿ. 1989ರದ್ದು, ಅಲ್ ರೀನರ್ಟ್ ಅವರದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಂದದ್ದು ಅದೇ. ಬ್ರಯಾನ್ ಈನೋ ಸಂಗೀತ. ಆದರೆ ಬೇರೆಬೇರೆ ಯಾನಗಳ ದೃಶ್ಯ ಸೇರಿಸಿ ಒಂದೇ ಪ್ರಯಾಣದ ಹಾಗೆ ಹೆಣೆದಿದ್ದಾರೆ. ಮಾತಾಡುತ್ತಿರುವವರು ಯಾರು ಅಂತ ಗೊತ್ತಾಗಲ್ಲ. ಮಕ್ಕಳಿಗೆ ತೋರಿಸಿದೆ, "ಇದರಲ್ಲಿ ಆರ್ಮ್‌ಸ್ಟ್ರಾಂಗ್ ಯಾರಪ್ಪಾ?" ಅಂತ ಕೇಳಿ ಕೇಳಿ ನಿದ್ದೆ ಹೋದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀವೊಬ್ಬರೇ ನೋಡಿ ಅಕ್ಕಾ.

ಹ್ಯೂಸ್ಟನ್‌ನಿಂದ ಒಬ್ಬ ಕನ್ನಡಿಗ:

ರೀಲ್ಸ್ ವಿಷಯಕ್ಕೆ ಬರುತ್ತೇನೆ. ಮಗುವಿಗೆ "ಸುಮ್ನಿರು, ಅದೆಲ್ಲ ಸುಳ್ಳು" ಅನ್ನಬೇಡಿ. ಲೆಕ್ಕ ಕೊಡಿ. 1968ರಿಂದ 1972ರ ಒಳಗೆ ಚಂದ್ರನವರೆಗೆ ಹೋದ ಯಾನ ಒಂಬತ್ತು. ಹೋದವರು 24 ಜನ, ನಡೆದವರು 12. ತಂದ ಕಲ್ಲು ಮಣ್ಣು 382 ಕಿಲೋ. 'ಶ್ಯಾಡೋ' ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವಾಗ ಟಿವಿ ಆರಿಸಬೇಡಿ. ಒಂಬತ್ತು ಸಲ ಹೋಗಿದ್ದೇವೆ, ಸುಳ್ಳೇ ಆಗಿದ್ದರೆ ಒಂಬತ್ತು ಸಲ ಯಾಕೆ ಹೇಳಬೇಕಿತ್ತು ಅಂತ ಚಾರ್ಲಿ ಡ್ಯೂಕ್ ಅಲ್ಲೇ ಕೇಳುತ್ತಾರೆ. ಮಕ್ಕಳಿಗೆ ಇದು ಥಟ್ ಅಂತ ಹಿಡಿಸುತ್ತೆ.

ಗಾಳಿಯೇ ಇಲ್ಲದ ಚಂದ್ರನ ಮೇಲೆ ಬಾವುಟ ಬಿಚ್ಚಿ ನಿಂತದ್ದು ಹೇಗೆ ಅಂದರೆ, ಮೇಲಂಚಿನಲ್ಲಿ ಅಡ್ಡಕೋಲು ಇದೆ. ಅಲ್ಲಿನ ಫೋಟೊಗಳಲ್ಲಿ ನಕ್ಷತ್ರ ಯಾಕಿಲ್ಲ ಅಂದರೆ, ರಾತ್ರಿ ಕ್ರಿಕೆಟ್ ಮೈದಾನದ ಲೈಟಿನಡಿ ಫೋಟೊ ತೆಗೆದು ನೋಡೋಕೆ ಹೇಳಿ, ಆಕಾಶ ಕಪ್ಪಗೇ ಬರುತ್ತೆ. ಅಷ್ಟಕ್ಕೂ ನಮ್ಮ ಇಸ್ರೋದ ಚಂದ್ರಯಾನ-2ರ ಆರ್ಬಿಟರ್ ಕೂಡ ಅಪೊಲೊ 11 ಇಳಿದ ಜಾಗದ ಫೋಟೊ ತೆಗೆದಿದೆ.

ಇಲ್ಲಿನ ಸ್ಪೇಸ್ ಸೆಂಟರ್‌ನಲ್ಲಿ ಮುಟ್ಟೋಕೆ ಅಂತಲೇ ಚಂದ್ರನ ಕಲ್ಲಿನ ಒಂದು ಚೂರು ಇಟ್ಟಿದ್ದಾರೆ. ಸಾವಿರಾರು ಬೆರಳು ತಾಗಿ ನುಣುಪಾಗಿದೆ. ನಮ್ಮ ಅಮ್ಮ ಊರಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ಬೆರಳು ತಾಗಿಸಿ, ಕಣ್ಣಿಗೊತ್ತಿಕೊಂಡರು. ಹಿಂದೆ ನಿಂತಿದ್ದ ಅಮೆರಿಕದ ಹುಡುಗನೂ ಅವರನ್ನು ನೋಡಿ ಹಾಗೇ ಮಾಡಿದ!

ಒಂದು ಕಿವಿಮಾತು. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ನಮ್ಮ ಊರಿನ ಲೆಕ್ಕದಲ್ಲಿ 1969ರ ಜುಲೈ 21, ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ. ನೌಕೆ ಇಳಿದದ್ದು ಅದಕ್ಕೂ ಮೊದಲು, ಅದೇ ದಿನ ನಡುರಾತ್ರಿ ಕಳೆದು ಪೌಣೆ ಎರಡರ ಸುಮಾರಿಗೆ. ಆಗ ಭಾರತದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಆ ಸೋಮವಾರ ಬೆಳಿಗ್ಗೆ ಎಲ್ಲಿದ್ದಿರಿ ಅಂತ ಮಾವನವರನ್ನು ಕೇಳಿ ನೋಡಿ, ಚಿತ್ರ ಹಾಕೋ ಮೊದಲೇ.

ಕೇಳಿದವರು, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ 'ಶ್ಯಾಡೋ' ಹಾಕಿದೆವು. ಮಧ್ಯಾಹ್ನ ಮೂರಕ್ಕೆ ಶುರು, ಮುಗಿದಾಗ ಏಳು. ಮೇಷ್ಟ್ರ ಲೆಕ್ಕಕ್ಕಿಂತ ಒಂದು ಗಂಟೆ ಜಾಸ್ತಿ, ನಡುವೆ ಕಾಫಿ, ಮಂಡಕ್ಕಿ.

ಹ್ಯೂಸ್ಟನ್ನಿನವರು ಹೇಳಿದ ಹಾಗೆ ಮೊದಲು ಸೋಮವಾರದ ವಿಷಯ ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಬಾಯಿಬಿಟ್ಟರು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲ್. ಅಲ್ಲಿ ಮಾತ್ರ ದೊಡ್ಡ ರೇಡಿಯೋ. ಹೊರಗೆ ಜನ. ಅಲ್ಲೇ ನಿಂತು ಬೆಲ್ ಹೊಡೆದದ್ದು ಕೇಳಿಸಲಿಲ್ಲ. ಇವತ್ತು ಬೆತ್ತದ ಏಟು ಗ್ಯಾರಂಟಿ ಅಂತ ತಿರುಗಿದರೆ, ಹಿಂದೆ ಗಣಿತದ ಮೇಷ್ಟ್ರು ಸೈಕಲ್ ಹಿಡಿದು ನಿಂತು ರೇಡಿಯೋ ಕೇಳುತ್ತಿದ್ದರಂತೆ! ಇದನ್ನು ನಮ್ಮ ಯಜಮಾನರೂ ಇದೇ ಮೊದಲು ಕೇಳಿದ್ದು.

ಮಗಳು ಬೆಂಕಿಯ ಭಾಗದಲ್ಲಿ ಅಜ್ಜನ ಪಕ್ಕಕ್ಕೆ ಸರಿದು ಕೂತಳು. ಕಾಲಿನ್ಸ್ ಒಬ್ಬರೇ ಸುತ್ತುವಾಗ ರಿಮೋಟ್ ಒತ್ತಿ, "ಅಜ್ಜ, ಅವರಿಗೆ ಹೆದರಿಕೆ ಆಗ್ಲಿಲ್ವಾ?" ಅಂತ ಕೇಳಿದಳು. ಅಜ್ಜ, "ನಿನ್ನ ಅಜ್ಜಿ ಊರಿಗೆ ಹೋದಾಗ ನಾನು ಒಬ್ಬನೇ ಇರಲ್ವಾ?" ಅಂದರು. ರೀಲ್ಸ್ ಮಾತು ಮತ್ತೆ ಬಂದಿಲ್ಲ. ಬದಲಿಗೆ ಒಂಬತ್ತು ಯಾನದ ಹೆಸರು ಬರೆದು ಫ್ರಿಜ್‌ಗೆ ಅಂಟಿಸಿದ್ದಾಳೆ.

ಬರುವ ಭಾನುವಾರ 'ಅಪೊಲೊ 11', ಜೋಆನ್ ಮಾರ್ಗನ್ ಹುಡುಕೋಕೆ. ಅಷ್ಟರೊಳಗೆ ಮಾವನ ಕನ್ನಡಕ ಬದಲಾಯಿಸಬೇಕು. ಸಬ್‌ಟೈಟಲ್ ಅರ್ಧ ಕಾಣಿಸಲೇ ಇಲ್ಲ ಅಂತ ಈಗ ಹೇಳುತ್ತಿದ್ದಾರೆ.