ಬೇಸ್‌ಮೆಂಟ್ ಗೋಡೆ ಮುಚ್ಚುವ ಮುಂಚೆ ಔಟ್‌ಲೆಟ್ ನೋಡಿಕೊಳ್ಳಿ

ಅಮೆರಿಕದಲ್ಲಿ ಬೇಸ್‌ಮೆಂಟ್ ಫಿನಿಶ್ ಮಾಡಿಸಿ ಮಕ್ಕಳಿಗೆ ಆಟದ ಕೋಣೆ ಮಾಡಬೇಕು ಅಂತಿರುವವರು ಡ್ರೈವಾಲ್ (ಗೋಡೆ ಮುಚ್ಚುವ ಜಿಪ್ಸಂ ಹಲಗೆ) ಏರುವ ಮೊದಲೇ ಔಟ್‌ಲೆಟ್ ವಿಚಾರ ತೀರ್ಮಾನಿಸಿ. ಕಾಂಟ್ರಾಕ್ಟರ್ "ಪರ್ಮಿಟ್ ಯಾಕೆ ಸುಮ್ಮನೆ" ಅಂದರೆ ಅವನನ್ನೇ ಬಿಟ್ಟುಬಿಡಿ. ವೈರ್ ಕಣ್ಣಿಗೆ ಕಾಣುವಾಗ ನಡೆಯುವ ರಫ್-ಇನ್ ತಪಾಸಣೆ ಸಿಗುವುದು ಪರ್ಮಿಟ್ ಇದ್ದರೆ ಮಾತ್ರ.

ಕೆಳಗಡೆ ನೆಲ ಕಾಂಕ್ರೀಟ್, ಮೇಲೆ ಕಾರ್ಪೆಟ್ ಹಾಸಿದರೂ ತೇವ ಇದ್ದೇ ಇರುತ್ತೆ. ಅದಕ್ಕೇ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಔಟ್‌ಲೆಟ್ ಅಥವಾ ಬ್ರೇಕರ್. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 4ರಿಂದ 6 ಮಿಲಿಆಂಪ್ ವ್ಯತ್ಯಾಸ ಬಂದರೆ ಸಾಕು, ಕಡಿದುಹಾಕುತ್ತೆ. ಮೊದಲು ಫಿನಿಶ್ ಆಗದ ಬೇಸ್‌ಮೆಂಟ್ ಭಾಗಕ್ಕಷ್ಟೇ ಇದ್ದ ಜಿಎಫ್‌ಸಿಐ ನಿಯಮ 2020ರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ (ಅಮೆರಿಕದ ವೈರಿಂಗ್ ನಿಯಮಾವಳಿ) ಇಡೀ ಬೇಸ್‌ಮೆಂಟ್‌ಗೆ ಬಂತು. ಹಾಗಾಗಿ ಹಳೇ ಮನೆ ಕೊಂಡವರು ಇದೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಊರಲ್ಲಿ ಯಾವ ವರ್ಷದ ಕೋಡ್ ಜಾರಿಯಲ್ಲಿದೆ ಅಂತ ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ಗೆ ಫೋನ್ ಮಾಡಿ ಕೇಳಿ.

ಒಂದೇ ಜಿಎಫ್‌ಸಿಐ ಔಟ್‌ಲೆಟ್ ಮುಂದಿನ ನಾಲ್ಕೈದು ಔಟ್‌ಲೆಟ್‌ಗಳನ್ನೂ ಕಾಯಬಲ್ಲದು, ಆದರೆ ಅವುಗಳ ವೈರ್ ಅದರ ಲೋಡ್ (ಕರೆಂಟ್ ಮುಂದಕ್ಕೆ ಹೋಗುವ) ಸ್ಕ್ರೂಗಳಿಂದ ಹೊರಟಿರಬೇಕು. ಎಲ್ಲವನ್ನೂ ಕರೆಂಟ್ ಒಳಬರುವ ಲೈನ್ ಕಡೆಯೇ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ರಕ್ಷಣೆ. ಕಂಡುಹಿಡಿಯುವುದು ಸುಲಭ: ಮುಂದಿನ ಔಟ್‌ಲೆಟ್‌ಗೆ ಟೇಬಲ್ ಲ್ಯಾಂಪ್ ಚುಚ್ಚಿ, ಮೊದಲನೆಯದರ ಟೆಸ್ಟ್ ಗುಂಡಿ ಒತ್ತಿ. ಲ್ಯಾಂಪ್ ಉರಿಯುತ್ತಲೇ ಇದ್ದರೆ ಎಲೆಕ್ಟ್ರಿಷಿಯನ್‌ನ ಕರೆಯಿರಿ. ಈ ಗುಂಡಿ ತಿಂಗಳಿಗೊಮ್ಮೆ ಒತ್ತಬೇಕು.

ಮಗು ಎರಡೂ ತೂತಿಗೆ ಹೇರ್‌ಪಿನ್ ತೂರಿಸಿದರೆ ಮಾತ್ರ ಜಿಎಫ್‌ಸಿಐಯನ್ನು ನಂಬುವಂತಿಲ್ಲ. ಒಂದರಲ್ಲಿ ಹೋದ ಕರೆಂಟ್ ಅಷ್ಟೂ ಇನ್ನೊಂದರಲ್ಲಿ ವಾಪಸಾದರೆ ಅದಕ್ಕೆ ವ್ಯತ್ಯಾಸವೇ ಕಾಣದು. ಅಲ್ಲಿ ಬೇಕಾದದ್ದು ಟ್ಯಾಂಪರ್ ರೆಸಿಸ್ಟೆಂಟ್ ಔಟ್‌ಲೆಟ್. 2008ರ ಕೋಡ್‌ನಿಂದ ಹೊಸ ಮನೆಗಳಿಗೆ ಕಡ್ಡಾಯ, ಮುಖದ ಮೇಲೆ ಸಣ್ಣಗೆ ಟಿಆರ್ ಅಂತಿರುತ್ತೆ. ಪ್ಲಗ್‌ನ ಎರಡೂ ಕಡ್ಡಿ ಒಟ್ಟಿಗೆ ಒತ್ತಿದರಷ್ಟೇ ಒಳಗಿನ ಮುಚ್ಚಳ ಸರಿಯುತ್ತೆ. ಪ್ಲಾಸ್ಟಿಕ್ ಕ್ಯಾಪ್ ನೆಚ್ಚಿಕೊಳ್ಳಬೇಡಿ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಸಡಿಲ ವೈರಿನ ಕಿಡಿಗೆ, ಅದನ್ನು ಗುರುತಿಸಿ ಕರೆಂಟ್ ಕಡಿಯುವ ಎಎಫ್‌ಸಿಐ ಬೇರೆ ಬೇಕು. ಬ್ರೇಕರ್‌ಗಳಿರುವ ಪ್ಯಾನೆಲ್‌ನಲ್ಲೇ ಡ್ಯುಯಲ್ ಫಂಕ್ಷನ್ ಬ್ರೇಕರ್ ಹಾಕಿದರೆ ಜಿಎಫ್‌ಸಿಐ, ಎಎಫ್‌ಸಿಐ ಎರಡೂ ಮುಗಿಯಿತು. 20 ಆಂಪ್ ಬ್ರೇಕರ್‌ಗೆ 12 ಗೇಜ್ ತಾಮ್ರದ ವೈರ್. ಅದಕ್ಕಿಂತ ತೆಳುವಾದ 14 ಗೇಜ್ ಕಂಡರೆ ಒಪ್ಪಬೇಡಿ. ವೈರನ್ನು ಹಿಂದಿನ ತೂತಿಗೆ ಚುಚ್ಚಿ ಬಿಡದೆ ಸ್ಕ್ರೂಗೆ ಬಿಗಿಸಲು ಹೇಳಿ. 1500 ವಾಟ್ ಹೀಟರ್ ಒಂದೇ 12.5 ಆಂಪ್ ಎಳೆಯುತ್ತೆ, ಸಡಿಲ ಜಾಗ ಬಿಸಿಯಾಗುವುದು ಆಗಲೇ. ಗೋಡೆಯಲ್ಲಿ ಯಾವ ಜಾಗದಿಂದಲೂ 6 ಅಡಿಯೊಳಗೆ ಔಟ್‌ಲೆಟ್ ಇರಬೇಕೆಂಬ ನಿಯಮ ಇರುವುದೂ ಎಕ್ಸ್‌ಟೆನ್ಷನ್ ಬಳ್ಳಿ ತಪ್ಪಿಸಲೆಂದೇ. ಗೊಂಬೆ ಕೂರಿಸುವ ಮೂಲೆ ಈಗಲೇ ಗೊತ್ತಿದ್ದರೆ ಸೀರಿಯಲ್ ಸೆಟ್‌ಗೆ ಅಲ್ಲೊಂದು ಹೆಚ್ಚಿಗೆ ಹಾಕಿಸಿ.

ಬೇಸ್‌ಮೆಂಟ್ ಗುಂಡಿಗೆ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್‌ಗೆ ಪ್ರತ್ಯೇಕ ಸರ್ಕ್ಯೂಟ್ ಕೊಡಿಸಿ. ಜಿಎಫ್‌ಸಿಐ ಟ್ರಿಪ್ ಆಗಿ ಪಂಪ್ ನಿಂತರೆ ಮಳೆಗಾಲದ ರಾತ್ರಿ ಯಾರಿಗೂ ಗೊತ್ತಾಗುವುದಿಲ್ಲ, ಬ್ಯಾಟರಿಯ ನೀರಿನ ಅಲಾರಂ ಇಡಿ. ನೀರು ಔಟ್‌ಲೆಟ್ ಮಟ್ಟಕ್ಕೆ ಬಂದಿದ್ದರೆ ಕೆಳಗಿಳಿಯಬೇಡಿ. ಪ್ಯಾನೆಲ್ ಕೆಳಗೇ ಇದ್ದರೆ ಮೀಟರ್ ಕಡೆಯಿಂದ ಕಡಿಯಲು ವಿದ್ಯುತ್ ಕಂಪನಿಗೆ ಹೇಳಿ.