ಯಕ್ಷಗಾನದ ಹೆಜ್ಜೆಯನ್ನು ಬರಿಯ ಕ್ಯಾಮೆರಾದಿಂದ ಹಿಡಿಯಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಉಡುಪಿ ಜಿಲ್ಲೆಯಲ್ಲಿ ಮಕ್ಕಳಿಗೂ ಹವ್ಯಾಸಿಗಳಿಗೂ ಯಕ್ಷಗಾನದ ಬಡಗುತಿಟ್ಟು ಶೈಲಿಯ ಹೆಜ್ಜೆಗಾರಿಕೆ ಕಲಿಸುತ್ತೇನೆ. ಕಣ್ಣೆದುರು ದೃಶ್ಯ ತೋರಿಸುವ ಹೆಡ್‌ಸೆಟ್ ಹಾಕಿಕೊಂಡ ವಿದ್ಯಾರ್ಥಿಯ ಎದುರು ಗುರುಗಳ ಮೂರು ಆಯಾಮದ ಆಕೃತಿ ಕುಣಿಯಬೇಕು, ಅವನು ಎಲ್ಲಿ ತಪ್ಪಿದನೆಂಬುದೂ ತಿಳಿಯಬೇಕು ಎಂಬುದು ನಮ್ಮ ಆಸೆ. ಮೈಗೆ ಕಟ್ಟುವ ಸೆನ್ಸರ್‌ಗಳನ್ನು ಬಳಸಿ ನೋಡಿದೆವು. ದಿಗಿಣ ಹಾಕುವಾಗ (ಹಾರಿ ಸುತ್ತುವಾಗ) ಪಟ್ಟಿಗಳು ಜಾರಿದವು, ಮಂಡಿ ತಿರುಗುವಾಗ (ಮೊಣಕಾಲೂರಿ ಸುತ್ತುವಾಗ) ಮೊಣಕಾಲಿಗೆ ಒತ್ತಿದವು. ಕ್ಯಾಮೆರಾಗಳಿಂದಷ್ಟೇ ಈ ಕೆಲಸ ಆಗುವುದೇ? ಒಂದು ಮೊಬೈಲ್ ಸಾಕೇ?

ಉತ್ತರ: ನಮಸ್ಕಾರ. ನೀವು ಕೇಳಿರುವುದು ಎರಡು ಬೇರೆ ಬೇರೆ ಕೆಲಸಗಳನ್ನು. ಗುರುಗಳ ಕುಣಿತವನ್ನು ದಾಖಲಿಸುವುದು ಒಂದು. ಅದಕ್ಕೆ ಕಂಪ್ಯೂಟರ್ ಇಡೀ ರಾತ್ರಿ ತೆಗೆದುಕೊಂಡರೂ ನಷ್ಟವಿಲ್ಲ. ವಿದ್ಯಾರ್ಥಿಯ ಚಲನೆಯನ್ನು ಆ ಕ್ಷಣದಲ್ಲೇ ಹಿಂಬಾಲಿಸುವುದು ಇನ್ನೊಂದು. ಮೊದಲನೆಯದು ಇಂದು ಸಾಧ್ಯ, ಎರಡನೆಯದು ಅರ್ಧ ಸಾಧ್ಯ.

ಒಂದೇ ಕ್ಯಾಮೆರಾ ನೋಡುವುದು ಚಪ್ಪಟೆ ಚಿತ್ರವನ್ನು. ಕೈ ಎಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನು ತಂತ್ರಾಂಶ ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದಲ್ಲಿ ಊಹಿಸುತ್ತದೆ, ಅಳೆಯುವುದಿಲ್ಲ. 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಎಂಬ ಸಾಧನ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಎರಚಿ, ಅವು ಬಿದ್ದ ರೀತಿಯಿಂದ ದೂರವನ್ನು ನಿಜಕ್ಕೂ ಅಳೆಯುತ್ತಿತ್ತು. ಆದರೆ ಅದಕ್ಕೂ ಕಾಣುತ್ತಿದ್ದುದು ಎದುರಿನ ಮೈ ಮಾತ್ರ, ಕುಣಿಯುವವರು ತಿರುಗಿದೊಡನೆ ಆಚೆಗಿನ ಕೈ ಎಲ್ಲಿದೆ ಎಂಬುದು ಮತ್ತೆ ಊಹೆಗೇ ಬರುತ್ತಿತ್ತು. ಆದ್ದರಿಂದ ಗುರುಗಳ ದಾಖಲೆಗೆ ಕನಿಷ್ಠ ನಾಲ್ಕು ಕ್ಯಾಮೆರಾಗಳನ್ನು ಸುತ್ತಲೂ ಇಡಿ, ಮಂಡಿಯ ಸಲುವಾಗಿ ಅವುಗಳಲ್ಲಿ ಎರಡು ಮೊಣಕಾಲಿನ ಎತ್ತರದಲ್ಲಿರಲಿ. ಕಪ್ಪು ಬಿಳುಪು ಚೌಕಗಳ ಹಲಗೆಯನ್ನು ಎಲ್ಲ ಕ್ಯಾಮೆರಾಗಳಿಗೂ ತೋರಿಸಿ ಅವುಗಳ ಪರಸ್ಪರ ಸ್ಥಾನವನ್ನು ಲೆಕ್ಕ ಹಾಕಿಕೊಂಡ ಮೇಲೆ, ಎರಡು ಕ್ಯಾಮೆರಾಗಳಿಗೆ ಕಂಡ ಮಣಿಕಟ್ಟು ಮೂರು ಆಯಾಮದಲ್ಲಿ ಎಲ್ಲಿದೆ ಎಂಬುದು ಬರಿಯ ರೇಖಾಗಣಿತ.

ಜನರು ಎಡವುವುದು ಬೆಳಕು ಮತ್ತು ಸಮಯದ ವಿಷಯದಲ್ಲಿ. ಬೀಸಿದ ಕೈ ಸೆಕೆಂಡಿಗೆ 5 ಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. ಶಟರ್ 1/50 ಸೆಕೆಂಡ್ ತೆರೆದಿದ್ದರೆ ಆ ಕೈ ಚಿತ್ರದಲ್ಲಿ 10 ಸೆಂಟಿಮೀಟರ್ ಉದ್ದಕ್ಕೆ ಮಸಕಾಗುತ್ತದೆ; 1/500ಕ್ಕೆ ಇಳಿಸಿದರೆ ಮಸಕು 1 ಸೆಂಟಿಮೀಟರ್, ಆದರೆ ಹತ್ತು ಪಟ್ಟು ಬೆಳಕು ಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಇಷ್ಟು ಚಿಕ್ಕ ಶಟರಿನಲ್ಲಿ ವಿಡಿಯೋದ ಒಂದು ಫ್ರೇಮ್ (ಬಿಡಿ ಚಿತ್ರ) ಬೆಳಗಿ ಮುಂದಿನದು ಕಂದುತ್ತದೆ. ಹಗಲಿನಲ್ಲಿ ನೆರಳಿರುವ ಅಂಗಳವೇ ಎಷ್ಟೋ ವಾಸಿ. ಸಮಯವೂ ಹಾಗೆಯೇ: ಸೆಕೆಂಡಿಗೆ 60 ಫ್ರೇಮಿನ ಎರಡು ಕ್ಯಾಮೆರಾಗಳು ಅರ್ಧ ಫ್ರೇಮ್ ಹಿಂದು ಮುಂದಾದರೆ, ಆ ಅಂತರದಲ್ಲೇ ಇದೇ ಕೈ 4 ಸೆಂಟಿಮೀಟರ್ ಸರಿದಿರುತ್ತದೆ. ಒಂದೇ ಸಂಕೇತಕ್ಕೆ ಒಟ್ಟಿಗೆ ಕ್ಲಿಕ್ಕಿಸುವ ಕ್ಯಾಮೆರಾಗಳು ಸಿಗದಿದ್ದರೆ 120 ಫ್ರೇಮಿನಲ್ಲಿ ಚಿತ್ರಿಸಿ, ರಂಗದ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಆ ಸದ್ದಿಗೆ ಎಲ್ಲವನ್ನೂ ಹೊಂದಿಸಿಕೊಳ್ಳಿ. ನಡುವೆಯೇ ನಿಲ್ಲಬೇಕು, ಏಕೆಂದರೆ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ.

ತಂತ್ರಾಂಶವನ್ನು ಆರಿಸುವಾಗ ಅದು ಮೈಯಲ್ಲಿ ಗುರುತಿಸುವ ಬಿಂದುಗಳ ಪಟ್ಟಿಯನ್ನು ಮೊದಲು ನೋಡಿ. ಬಹಳ ಬಳಕೆಯಲ್ಲಿರುವ 17 ಬಿಂದುಗಳ ಮಾದರಿ ಕಣಕಾಲಿಗೇ ಮುಗಿಯುತ್ತದೆ. ಹಿಮ್ಮಡಿಯೂ ಇಲ್ಲ, ಬೆರಳೂ ಇಲ್ಲ. ಹೆಜ್ಜೆ ಕಲಿಸುವವರಿಗೆ ಅದರಿಂದ ಏನು ಪ್ರಯೋಜನ? ಇನ್ನೊಂದು ತಂತ್ರಾಂಶವಾದ ಓಪನ್‌ಪೋಸ್‌ನ 25 ಬಿಂದುಗಳಲ್ಲಿ ಪ್ರತಿ ಪಾದಕ್ಕೂ ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ ಎಂದು ಮೂರು ಇವೆ. ಗೂಗಲ್‌ನ ಮೀಡಿಯಾಪೈಪ್‌ನ 33ರಲ್ಲಿ ಹಿಮ್ಮಡಿಯೂ ಪಾದದ ತುದಿಯೂ ಇವೆ.

ಮರುಪ್ರಶ್ನೆ: ಧನ್ಯವಾದ ಸರ್. ಗುರುಗಳನ್ನು ಪೂರ್ಣ ವೇಷದಲ್ಲೇ ದಾಖಲಿಸಬಹುದೇ? ವಿದ್ಯಾರ್ಥಿಯ ವಿಷಯವನ್ನೂ ದಯವಿಟ್ಟು ವಿವರಿಸಿ, ಹೆಡ್‌ಸೆಟ್‌ನಲ್ಲೇ ಕ್ಯಾಮೆರಾಗಳಿರುತ್ತವಲ್ಲ?

ಉತ್ತರ: ವೇಷ ಬೇಡ. ಈ ಮಾದರಿಗಳು ಕಲಿತಿರುವುದು ಬಹುಪಾಲು ಅಂಗಿ, ಪ್ಯಾಂಟು ತೊಟ್ಟವರ ಚಿತ್ರಗಳಿಂದ. ಭುಜಕೀರ್ತಿಯ ತುದಿಯನ್ನೇ ಹೆಗಲೆಂದು ತಿಳಿಯುವ, ನಿರಿಗೆಯ ಒಳಗಿನ ಸೊಂಟವನ್ನು ಎಲ್ಲೋ ಒಂದು ಕಡೆ ಕಲ್ಪಿಸಿಕೊಳ್ಳುವ ಸಂಭವ ಹೆಚ್ಚು. ಮೈಗೆ ಅಂಟುವ ಉಡುಪಿನಲ್ಲಿ ದಾಖಲಿಸಿ, ವೇಷವನ್ನು ಆಮೇಲೆ ಆಕೃತಿಗೆ ತೊಡಿಸಿ. ಗೆಜ್ಜೆ ಇರಲಿ, ಅದು ಹಿಮ್ಮಡಿಯನ್ನು ಮುಚ್ಚುವುದಿಲ್ಲ. ಕಿರೀಟದ ಭಾರವಿಲ್ಲದೆ ಕತ್ತಿನ ನಿಲುವು ಬದಲಾಗುತ್ತದೆ ಎಂದು ಗುರುಗಳು ಹೇಳಿದರೆ ಅವರ ಮಾತೇ ಸರಿ. ಅಷ್ಟು ಭಾರದ ಒಂದು ಬಿಗಿ ಟೊಪ್ಪಿ ಕಟ್ಟಿಕೊಳ್ಳಲಿ.

ಹೆಡ್‌ಸೆಟ್‌ನ ಕ್ಯಾಮೆರಾಗಳಿಗೆ ಕೈಗಳು ಚೆನ್ನಾಗಿ ಕಾಣುತ್ತವೆ, ಕಾಲುಗಳು ಕಾಣುವುದು ಕಡಿಮೆ. ಮೆಟಾ ಕ್ವೆಸ್ಟ್ 3 ಎಂಬ ಹೆಡ್‌ಸೆಟ್ ತೋಳುಗಳನ್ನೂ ಮುಂಡವನ್ನೂ ಕ್ಯಾಮೆರಾದಿಂದ ಹಿಂಬಾಲಿಸುತ್ತದೆ, ಕಾಲುಗಳನ್ನು ಮಾತ್ರ ಮೇಲಿನ ಮೈಯ ಚಲನೆಯಿಂದ ಊಹಿಸಿ ಬಿಡಿಸುತ್ತದೆ. ಆಟಕ್ಕೆ ಅದು ಚೆಂದ. ತಪ್ಪು ಹೆಜ್ಜೆ ಇಟ್ಟ ಹುಡುಗನಿಗೆ ಸರಿಯಾಗಿ ಕಾಣುವ ಕಾಲುಗಳನ್ನು ತೋರಿಸಿದರೆ ನಿಮ್ಮ ಪಾಠವೇ ಕೆಟ್ಟಿತು. ಕೋಣೆಯಲ್ಲಿ ಹೊರಗಿನ ಕ್ಯಾಮೆರಾ ಇಟ್ಟರೆ ಕಾಲು ಸಿಗುತ್ತದೆ, ವಿಳಂಬವೂ ಜೊತೆಗೆ ಬರುತ್ತದೆ: 30 ಫ್ರೇಮಿನ ಕ್ಯಾಮೆರಾದಲ್ಲಿ ಒಂದು ಫ್ರೇಮಿಗೇ 33 ಮಿಲಿಸೆಕೆಂಡ್, ಅದರ ಮೇಲೆ ಲೆಕ್ಕಾಚಾರದ ಹೊತ್ತು. ತಲೆಯ ಚಲನೆಗೆ ಹೆಡ್‌ಸೆಟ್‌ಗಳು ಗುರಿಯಾಗಿಟ್ಟುಕೊಳ್ಳುವುದು ಒಟ್ಟು 20 ಮಿಲಿಸೆಕೆಂಡ್. ತನ್ನದೇ ಕಾಲು ತಾಳಕ್ಕೆ ತಡವಾಗಿ ಬೀಳುವುದನ್ನು ನೋಡುತ್ತಾ ಯಾರೂ ಕುಣಿಯಲಾರರು. ಹೀಗಾಗಿ ಹೊರಗಿನ ಜಗತ್ತೂ ಕಾಣುವ ಪಾಸ್‌ಥ್ರೂ ವಿಧಾನದಲ್ಲಿ ಗುರುಗಳ ಆಕೃತಿಯನ್ನಷ್ಟೇ ತೋರಿಸಿ, ವಿದ್ಯಾರ್ಥಿ ತನ್ನ ಕಾಲುಗಳನ್ನು ಹಾಗೆಯೇ ನೋಡಿಕೊಳ್ಳಲಿ. ಹೋಲಿಕೆಯನ್ನು ಕುಣಿತ ಮುಗಿದ ಮೇಲೆ ತೋರಿಸಿ. ಹೆಡ್‌ಸೆಟ್ ಹಾಕಿಕೊಂಡಾಗ ತಾಳದ ಹೆಜ್ಜೆಗಳು ಸಾಕು, ದಿಗಿಣ ಖಂಡಿತ ಬೇಡ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮಕ್ಕಳ ವಿಡಿಯೋ ಸಂಗ್ರಹವಾಗುತ್ತದಲ್ಲ, ಅದರ ಗತಿ ಏನು ಸರ್?

ಉತ್ತರ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಅಗತ್ಯ, ಬರಹದಲ್ಲೇ ಪಡೆಯಿರಿ. ಹೋಲಿಕೆಗೆ ಬೇಕಾದದ್ದು ಕೀಲುಗಳ ಅಂಕಿಗಳು ಮಾತ್ರ. ಅವನ್ನು ಹೊರತೆಗೆದ ದಿನವೇ ವಿಡಿಯೋ ಅಳಿಸಿಬಿಡಬಹುದು. ನಡಿಗೆಯಿಂದಲೂ ವ್ಯಕ್ತಿಯನ್ನು ಗುರುತಿಸಬಹುದಾದ್ದರಿಂದ ಆ ಅಂಕಿಗಳ ಕಡತಕ್ಕೂ ಮಗುವಿನ ಹೆಸರನ್ನು ಇಡಬೇಡಿ.